ಬಿಳಿ ಸೆರಗಿನ ಅಂಚಿನಲ್ಲಿ ಕಪ್ಪು ಗೆರೆ: ನೋಡ್ ಪದ್ಧತಿಯ ಕಂಪಾಸಿಟಿಂಗ್ ಬುಡದಿಂದ ಅರ್ಥವಾಗಬೇಕಿದೆ

ಗಾಜಿನಮನೆ_ದಾವಣಗೆರೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೋ ಮಾಡುವ ಸಣ್ಣ ಸ್ಟುಡಿಯೋ ನಡೆಸುತ್ತಿದ್ದೇನೆ. ಹನ್ನೊಂದು ವರ್ಷಗಳಿಂದ ಎಡಿಟಿಂಗ್ ಮಾಡುತ್ತಿರುವುದರಿಂದ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಲೇಯರ್ ಮೇಲೆ ಲೇಯರ್ ಇಟ್ಟು ಕೆಲಸ ಮಾಡುವುದು ಕೈಗೆ ಒಗ್ಗಿಹೋಗಿದೆ. ಈಗ ನಾವು ಐದಾರು ಜನ ಗೆಳೆಯರು ಸೇರಿ, ಯಾರಿಂದಲೂ ಹಣ ಪಡೆಯದೆ, ಹನ್ನೆರಡು ನಿಮಿಷಗಳ ಕಿರುಚಿತ್ರವೊಂದನ್ನು ಮಾಡುತ್ತಿದ್ದೇವೆ. ಅದರ ಕೊನೆಯ ದೃಶ್ಯದಲ್ಲಿ ಬಿಳಿ ಸೀರೆಯುಟ್ಟ ಹೆಂಗಸೊಬ್ಬಳು ಮುಸ್ಸಂಜೆಯ ಹೊತ್ತು ಚಿತ್ರದುರ್ಗದ ಕೋಟೆಯ ಬತೇರಿಯ ಮೇಲೆ ನಿಂತು, ದೂರದ ಗುಡ್ಡಗಳ ಸಾಲಿನಲ್ಲಿ ತಿರುಗುತ್ತಿರುವ ಗಾಳಿಯಂತ್ರಗಳನ್ನು ನೋಡುತ್ತಾಳೆ. ಗಾಳಿಗೆ ಅವಳ ಸೆರಗು ಹಾರುತ್ತಿರುತ್ತದೆ.

ಕೋಟೆಯು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ, ಅಲ್ಲಿ ಕತ್ತಲಾಗುವ ಹೊತ್ತಿಗೆ ದೀಪ, ವೈರು, ಜನರೇಟರ್‌ಗಳನ್ನು ಇಟ್ಟುಕೊಂಡು ನಟಿಯನ್ನು ಬತೇರಿಯ ತುದಿಯಲ್ಲಿ ನಿಲ್ಲಿಸುವುದು ನಮ್ಮಂಥವರಿಂದ ಆಗುವ ಮಾತಲ್ಲ. ಆದ್ದರಿಂದ ಅನುಮತಿ ಪಡೆದು ಹಿನ್ನೆಲೆಯನ್ನಷ್ಟೇ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ತೆಗೆದುಕೊಂಡು ಬಂದೆವು. ನಟಿಯ ಭಾಗವನ್ನು ಇಲ್ಲಿಯೇ, ಪರಿಚಿತರೊಬ್ಬರ ಹಳೆಯ ಹತ್ತಿ ಗೋದಾಮಿನಲ್ಲಿ ಗ್ರೀನ್ ಮ್ಯಾಟ್ ಬಟ್ಟೆ (ಆಮೇಲೆ ತೆಗೆದು ಬೇರೆ ಹಿನ್ನೆಲೆ ಕೂಡಿಸಲು ಬಳಸುವ ಹಸಿರು ಪರದೆ) ಕಟ್ಟಿ, ಒಂದು ಪೆಡಸ್ಟಲ್ ಫ್ಯಾನ್ ಹಾಕಿ ಚಿತ್ರೀಕರಿಸಿದೆವು. ನಟಿಸಿದವರು ನನ್ನ ಅತ್ತಿಗೆ. ಆರು ಗಂಟೆ ಫ್ಯಾನಿನ ಮುಂದೆ ನಿಂತ ಅವರ ಶ್ರಮ ವ್ಯರ್ಥವಾಗಬಾರದು ಎಂಬುದು ನನ್ನ ಮುಖ್ಯ ಚಿಂತೆ.

ಬೇರೆ ಬೇರೆ ಚಿತ್ರಗಳನ್ನು ಒಂದಾಗಿ ಬೆಸೆಯುವ ಇಂಥ ಕಂಪಾಸಿಟಿಂಗ್ ಕೆಲಸಕ್ಕೆ ನೋಡ್ ಪದ್ಧತಿಯೇ (ಒಂದೊಂದು ಹೆಜ್ಜೆಗೂ ನೋಡ್ ಎಂಬ ಒಂದು ಪೆಟ್ಟಿಗೆ ಇಟ್ಟು ತಂತಿಯಿಂದ ಜೋಡಿಸುವುದು) ಸರಿ ಎಂದು ಹಲವರು ಹೇಳಿದ್ದರಿಂದ ನ್ಯೂಕ್ ಎಂಬ ತಂತ್ರಾಂಶದ ವಾಣಿಜ್ಯೇತರ ಆವೃತ್ತಿಯನ್ನು ಹಾಕಿಕೊಂಡೆ. ಹಿಂದೊಮ್ಮೆ ಒಂದು ತರಬೇತಿ ಕೇಂದ್ರಕ್ಕೆ ಮೂರು ತಿಂಗಳು ಹೋಗಿದ್ದೆ. ಅಲ್ಲಿ ಯಾವ ನೋಡ್ ಆದ ಮೇಲೆ ಯಾವ ನೋಡ್ ಹಾಕಬೇಕು ಎಂದು ಬರೆಸಿದರೇ ಹೊರತು ಏಕೆ ಹಾಕಬೇಕು ಎಂಬುದನ್ನು ಒಂದು ದಿನವೂ ಹೇಳಲಿಲ್ಲ. ಆ ಟಿಪ್ಪಣಿ ನೋಡಿಕೊಂಡು ನಾನು ಕಟ್ಟಿರುವ ಸರಣಿ ಹೀಗಿದೆ: ನಟಿಯ ಶಾಟ್ ಅನ್ನು ಓದುವ ರೀಡ್, ಅದರ ಕೆಳಗೆ ಹಸಿರು ಪರದೆಯನ್ನು ತೆಗೆಯುವ ಕೀಲೈಟ್, ಅದರ ಕೆಳಗೆ ಪ್ರಿಮಲ್ಟ್, ಅದರ ಕೆಳಗೆ ಬಣ್ಣ ತಿದ್ದುವ ಗ್ರೇಡ್, ಅಲ್ಲಿಂದ ಎರಡು ಚಿತ್ರಗಳನ್ನು ಸೇರಿಸುವ ಮರ್ಜ್‌ನ ಎ ಬಾಯಿಗೆ. ಕೋಟೆಯ ಹಿನ್ನೆಲೆ ಮರ್ಜ್‌ನ ಬಿ ಬಾಯಿಗೆ. ಕೊನೆಗೆ ಫಲಿತಾಂಶವನ್ನು ಕಡತವಾಗಿ ಬರೆಯುವ ರೈಟ್.

ತೊಂದರೆಗಳು ಎರಡು. ಮೊದಲನೆಯದು, ಸೆರಗಿನ ಅಂಚಿನ ಉದ್ದಕ್ಕೂ ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ ಕಾಣುತ್ತದೆ. ಸೆರಗೂ ಬೆಳ್ಳಗಿದೆ, ಅದರ ಹಿಂದಿನ ಆಕಾಶವೂ ಬೆಳ್ಳಗಿದೆ. ನಡುವೆ ಕಪ್ಪು ಎಲ್ಲಿಂದ ಬಂತು ಎಂಬುದು ತಿಳಿಯುತ್ತಿಲ್ಲ. ಎರಡನೆಯದು, ಗ್ರೇಡ್‌ನಲ್ಲಿ ನಟಿಯ ಕಪ್ಪು ಭಾಗಗಳನ್ನು ಸ್ವಲ್ಪ ಎತ್ತೋಣವೆಂದು ಲಿಫ್ಟ್ ಹೆಚ್ಚಿಸಿದರೆ, ನಾನು ಮುಟ್ಟಿಯೇ ಇಲ್ಲದ ಕೋಟೆಯ ಬಂಡೆಗಳ ಮೇಲೆಲ್ಲ ತೆಳ್ಳಗೆ ಮಂಜು ಕವಿದಂತಾಗುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇಂಥದ್ದು ನನಗೆ ಎಂದೂ ಆಗಿರಲಿಲ್ಲ. ಬಟನ್ ಹೇಳಿಕೊಡುವುದಕ್ಕಿಂತ ಕಾರಣ ಹೇಳಿಕೊಟ್ಟರೆ ಹೆಚ್ಚು ಉಪಕಾರವಾಗುತ್ತದೆ.


ಚಂದ್ರವಳ್ಳಿ_ಹುಡುಗ ಬರೆದದ್ದು:

ನಮಸ್ಕಾರ ಸರ್. ನಾನು ಚಿತ್ರದುರ್ಗದವನು, ಬೆಂಗಳೂರಿನಲ್ಲಿ ಕಂಪಾಸಿಟಿಂಗ್ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿರುವ ಎರಡು ತೊಂದರೆಗಳ ಬೇರು ಒಂದೇ ಆಗಿದೆ, ಮತ್ತು ಅದು ಈ ವಿದ್ಯೆಯ ಬುಡದಲ್ಲಿಯೇ ಇರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಪರಿಹಾರವನ್ನು ಮೊದಲೇ ಹೇಳಿಬಿಡುತ್ತೇನೆ. ಕೀಲೈಟ್‌ನ ಕೆಳಗಿರುವ ಪ್ರಿಮಲ್ಟ್ ನೋಡ್ ಅನ್ನು ಆಯ್ದು ಕೀಬೋರ್ಡಿನ ಡಿ ಒತ್ತಿ. ಆ ನೋಡ್ ನಿಷ್ಕ್ರಿಯವಾಗುತ್ತದೆ, ಕಪ್ಪು ಗೆರೆಯೂ ಹೋಗುತ್ತದೆ. ಏಕೆ ಹೋಗುತ್ತದೆ ಎಂಬುದನ್ನು ಈಗ ನೋಡೋಣ.

ಕಂಪ್ಯೂಟರಿಗೆ ಚಿತ್ರವೆಂದರೆ ಅಂಕಿಗಳು ಮಾತ್ರ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳಿರುತ್ತವೆ; 0 ಎಂದರೆ ಕಪ್ಪು, 1 ಎಂದರೆ ಪೂರ್ಣ ಬೆಳಕು. ನಾಲ್ಕನೆಯದು ಆಲ್ಫಾ. ಈ ಪಿಕ್ಸೆಲ್‌ನ ಎಷ್ಟು ಭಾಗವನ್ನು ವಸ್ತು ಆವರಿಸಿದೆ ಎಂಬುದನ್ನು ಆಲ್ಫಾ ಹೇಳುತ್ತದೆ. ಸೆರಗಿನ ಮಧ್ಯಭಾಗದಲ್ಲಿ ಅದು 1, ಖಾಲಿ ಜಾಗದಲ್ಲಿ 0. ನಮಗೆ ಕಷ್ಟ ಕೊಡುವುದು ಅಂಚಿನ ಪಿಕ್ಸೆಲ್; ಅದರ ಅರ್ಧ ಬಟ್ಟೆ, ಅರ್ಧ ಬಯಲು, ಆದ್ದರಿಂದ ಅಲ್ಲಿ ಆಲ್ಫಾ 0.5. ಈ ಕಲ್ಪನೆಯನ್ನು ರೂಪಿಸಿದವರು 1970ರ ದಶಕದಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್. ಅದಕ್ಕೆ ಮೊದಲು ಫಿಲ್ಮಿನ ಕಾಲದಲ್ಲಿ, ನಟನ ಆಕಾರದ ಕಪ್ಪು ನೆರಳನ್ನು ಬೇರೊಂದು ಫಿಲ್ಮಿನ ಮೇಲೆ ಮೂಡಿಸಿ, ಆಪ್ಟಿಕಲ್ ಪ್ರಿಂಟರ್‌ನಲ್ಲಿ ಎರಡನ್ನೂ ಒತ್ತಿ ಹಿಡಿದು ಬೆಳಕು ಹಾಯಿಸುತ್ತಿದ್ದರು. ಆ ನೆರಳನ್ನೇ ಮ್ಯಾಟ್ ಎನ್ನುತ್ತಿದ್ದರು. ನಾವು ಇಂದಿಗೂ ಆ ಮಾತನ್ನು ಬಿಟ್ಟಿಲ್ಲ, ಆಲ್ಫಾವನ್ನೇ ಮ್ಯಾಟ್ ಎನ್ನುತ್ತೇವೆ.

1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದು ಪ್ರಬಂಧದಲ್ಲಿ, ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇಡುವ ಲೆಕ್ಕವನ್ನು ಸೂತ್ರಗಳಾಗಿ ಬರೆದರು. ನಿಮ್ಮ ಮರ್ಜ್ ನೋಡ್‌ನ ‘ಓವರ್’ ಎಂಬ ಆಯ್ಕೆ ಅದೇ ಸೂತ್ರ: ಮುಂಭಾಗ + ಹಿನ್ನೆಲೆ × (1 − ಆಲ್ಫಾ). ಇಲ್ಲೊಂದು ಸೂಕ್ಷ್ಮವಿದೆ. ಹಿನ್ನೆಲೆಯನ್ನು ಆಲ್ಫಾಕ್ಕೆ ತಕ್ಕಂತೆ ಕಡಿಮೆ ಮಾಡುವ ಕೆಲಸ ಸೂತ್ರದೊಳಗಿದೆ, ಆದರೆ ಮುಂಭಾಗವನ್ನು ಆಲ್ಫಾದಿಂದ ಗುಣಿಸುವ ಕೆಲಸ ಸೂತ್ರದಲ್ಲಿಲ್ಲ. ಅದು ಮೊದಲೇ ಆಗಿರಬೇಕು ಎಂದು ಮರ್ಜ್ ನಂಬಿಕೊಂಡಿರುತ್ತದೆ. ಮೊದಲೇ ಗುಣಿಸಿರುವುದರಿಂದಲೇ ಅದಕ್ಕೆ ಪ್ರಿಮಲ್ಟಿಪ್ಲೈಡ್ ಎಂಬ ಹೆಸರು ಬಂದಿದೆ; ಆ ಗುಣಾಕಾರ ಮಾಡುವ ನೋಡ್ ಪ್ರಿಮಲ್ಟ್.

ಈಗ ನಿಮ್ಮ ಸೆರಗಿನ ಅಂಚಿನ ಒಂದೇ ಒಂದು ಪಿಕ್ಸೆಲ್ ತೆಗೆದುಕೊಳ್ಳೋಣ. ಬಟ್ಟೆಯ ನಿಜವಾದ ಬೆಳಕು 0.8, ಹಿಂದಿನ ಆಕಾಶ 0.6, ಆಲ್ಫಾ 0.5 ಎಂದಿಟ್ಟುಕೊಳ್ಳಿ. ಒಮ್ಮೆ ಗುಣಿಸಿದರೆ ಮುಂಭಾಗ 0.4 ಆಗುತ್ತದೆ. ಹಿನ್ನೆಲೆ 0.6ರ ಅರ್ಧ, ಅಂದರೆ 0.3. ಕೂಡಿದರೆ 0.7. ಇದು ಬಟ್ಟೆ ಮತ್ತು ಆಕಾಶಗಳ ನಡುವಿನ ಅಂಕಿ, ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಆದರೆ ಕೀಲೈಟ್ ತನ್ನ ‘ಫೈನಲ್ ರಿಸಲ್ಟ್’ ಎಂಬ ನೋಟದಲ್ಲಿ ಚಿತ್ರವನ್ನು ಗುಣಿಸಿಯೇ ಹೊರಗೆ ಬಿಡುತ್ತದೆ. ಅದರ ಕೆಳಗೆ ನೀವು ಮತ್ತೊಂದು ಪ್ರಿಮಲ್ಟ್ ಇಟ್ಟಿರುವುದರಿಂದ 0.4 ಇದ್ದದ್ದು ಇನ್ನೊಮ್ಮೆ ಅರ್ಧವಾಗಿ 0.2 ಆಯಿತು. ಈಗ 0.2 + 0.3 = 0.5. ಗಮನಿಸಿ, ಇದು ಬಟ್ಟೆಗಿಂತಲೂ ಆಕಾಶಕ್ಕಿಂತಲೂ ಮಂದವಾಗಿದೆ. ಎರಡು ಬಿಳಿಗಳ ನಡುವೆ ಕಪ್ಪು ಎಲ್ಲಿಂದ ಬಂತು ಎಂದು ಕೇಳಿದ್ದಿರಲ್ಲ, ಬಂದದ್ದು ಈ ಗುಣಾಕಾರದಿಂದ. ಒಮ್ಮೆಯೂ ಗುಣಿಸದೆ ಹಾಗೆಯೇ ಕಳಿಸಿದ್ದರೆ 0.8 + 0.3 ಸೇರಿ 1.1 ಆಗಿ, ಅಂಚಿನಲ್ಲಿ ಟ್ಯೂಬ್‌ಲೈಟಿನಂಥ ಹೊಳಪಿನ ಗೆರೆ ಬರುತ್ತಿತ್ತು. ಕಪ್ಪು ಗೆರೆ ಕಂಡರೆ ಎರಡು ಸಲ ಗುಣಾಕಾರವಾಗಿದೆಯೇ ಎಂದೂ, ಹೊಳೆಯುವ ಗೆರೆ ಕಂಡರೆ ಗುಣಾಕಾರವೇ ಆಗಿಲ್ಲವೇ ಎಂದೂ ಮೊದಲು ನೋಡುವುದು ನಮ್ಮಲ್ಲಿ ರೂಢಿ.

ಮಂಜಿನ ವಿಷಯಕ್ಕೆ ಬರುತ್ತೇನೆ. ಲಿಫ್ಟ್ ಎಂದರೆ ಸರಿಸುಮಾರು ಒಂದು ಅಂಕಿಯನ್ನು ಕೂಡುವುದು. ನಟಿಯ ಸುತ್ತಲಿನ ಖಾಲಿ ಜಾಗದಲ್ಲಿ ಬಣ್ಣವೂ 0, ಆಲ್ಫಾವೂ 0. ಅಲ್ಲಿಗೆ 0.05 ಕೂಡಿದಿರಿ ಎಂದುಕೊಳ್ಳಿ. ಬಣ್ಣ 0.05 ಆಯಿತು, ಆಲ್ಫಾ 0 ಆಗಿಯೇ ಉಳಿಯಿತು. ಮರ್ಜ್ ಸೂತ್ರದಲ್ಲಿ ಹಿನ್ನೆಲೆ ಪೂರ್ತಿ ಬರುತ್ತದೆ, ಅದರ ಮೇಲೆ ಈ 0.05 ಸೇರಿಕೊಳ್ಳುತ್ತದೆ. ಬಂಡೆಯ ಮೇಲಿನ ಮಂಜು ಅದೇ. ಆದ್ದರಿಂದ ಬಣ್ಣ ತಿದ್ದುವ ಮೊದಲು ಅನ್‌ಪ್ರಿಮಲ್ಟ್ ಹಾಕಿ ಬಣ್ಣವನ್ನು ಆಲ್ಫಾದಿಂದ ಭಾಗಿಸಬೇಕು, ಆಮೇಲೆ ಗ್ರೇಡ್ ಮಾಡಬೇಕು, ಆಮೇಲೆ ಪ್ರಿಮಲ್ಟ್ ಹಾಕಿ ಮತ್ತೆ ಗುಣಿಸಬೇಕು. ಆಗ ಖಾಲಿ ಜಾಗಕ್ಕೆ ಕೂಡಿದ ಅಂಕಿ 0ಯಿಂದ ಗುಣಿಸಲ್ಪಟ್ಟು ಅಳಿಸಿಹೋಗುತ್ತದೆ. ಬರೀ ಗೇನ್ ಅಥವಾ ಮಲ್ಟಿಪ್ಲೈ ಬದಲಾಯಿಸುವುದಾದರೆ ಈ ಶಿಸ್ತು ಇಲ್ಲದೆಯೂ ನಡೆಯುತ್ತದೆ, ಏಕೆಂದರೆ ಗುಣಾಕಾರವನ್ನು ಯಾವ ಕ್ರಮದಲ್ಲಿ ಮಾಡಿದರೂ ಉತ್ತರ ಒಂದೇ. ಲಿಫ್ಟ್, ಆಫ್‌ಸೆಟ್, ಗಾಮಾಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದು ನಿಮಗೆ ಎದುರಾಗದಿರಲು ಕಾರಣ, ಅದು ಈ ಭಾಗಾಕಾರ ಗುಣಾಕಾರಗಳನ್ನು ಬಹುಪಾಲು ಒಳಗೊಳಗೇ ಮಾಡಿಕೊಳ್ಳುತ್ತದೆ. ನ್ಯೂಕ್ ಮಾಡಿಕೊಳ್ಳುವುದಿಲ್ಲ, ನಿಮಗೆ ಬಿಡುತ್ತದೆ. ಮೊದಮೊದಲು ಇದು ಹೊರೆಯೆನಿಸುತ್ತದೆ, ನನಗೂ ಎನಿಸಿತ್ತು. ಆದರೆ ಒಂದು ಶಾಟ್ ಎಲ್ಲಿ ಕೆಟ್ಟಿತು ಎಂದು ಹುಡುಕುವಾಗ ಯಾವ ಹೆಜ್ಜೆಯೂ ಮರೆಯಲ್ಲಿಲ್ಲದಿರುವುದು ಎಷ್ಟು ದೊಡ್ಡ ಸೌಕರ್ಯವೆಂಬುದು ಆಮೇಲೆ ತಿಳಿಯುತ್ತದೆ. ಚಿತ್ರ ತೋರಿಸುವ ವ್ಯೂವರ್ ಅನ್ನು ಪ್ರತಿ ನೋಡ್‌ಗೂ ಒಂದೊಂದಾಗಿ ಜೋಡಿಸುತ್ತಾ ಕೆಳಗಿಳಿಯಿರಿ, ವ್ಯೂವರ್ ಮೇಲೆ ಎ ಒತ್ತಿ ಆಲ್ಫಾ ನೋಡಿ, ಕಂಟ್ರೋಲ್ ಹಿಡಿದು ಸೆರಗಿನ ಅಂಚನ್ನು ಕ್ಲಿಕ್ಕಿಸಿ ಅಂಕಿಗಳನ್ನು ಓದಿ. ಮೇಲಿನ ಲೆಕ್ಕವೇ ನಿಮ್ಮ ಪರದೆಯ ಮೇಲೆ ಕಾಣಿಸುತ್ತದೆ.


ಮಲೇಬೆನ್ನೂರು_ನಾಲೆ ಬರೆದದ್ದು:

ಮೇಲಿನವರು ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ. ‘ನೋಡ್’ ಎಂಬ ಪದ್ಧತಿಯನ್ನೇ ಮನಸ್ಸಿಗೆ ತಂದುಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾನು ಒಂದು ಮಾತು ಸೇರಿಸುತ್ತೇನೆ. ನಮ್ಮದು ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆತನ, ಅದೂ ನಾಲೆಯ ಕೊನೆಯ ಭಾಗದ ಗದ್ದೆ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮೊದಲ ಸಲ ನೋಡ್‌ಗಳ ಚಿತ್ರ ಕಂಡಾಗ ನನಗೆ ನೆನಪಾದದ್ದು ನೀರಾವರಿ ಕಚೇರಿಯ ಗೋಡೆಯ ಮೇಲಿದ್ದ ನಾಲೆಯ ನಕ್ಷೆ.

ರೀಡ್ ನೋಡ್ ಎಂದರೆ ಜಲಾಶಯ. ತಂತಿ ಎಂದರೆ ನಾಲೆ. ಒಂದೊಂದು ನೋಡ್ ಒಂದೊಂದು ತೂಬು. ಅಲ್ಲಿ ಹರಿವಿಗೆ ಒಂದು ಬದಲಾವಣೆ ಮಾಡಿ ಕೆಳಕ್ಕೆ ಬಿಡುತ್ತದೆ. ರೈಟ್ ನೋಡ್ ಎಂದರೆ ಕೊನೆಯ ಗದ್ದೆ. ಮೇಲಿನ ತೂಬಿನಲ್ಲಿ ಏನು ಮಾಡಿದರೂ ಅದರ ಫಲ ಕೆಳಗಿನವರೆಲ್ಲರಿಗೂ ತಟ್ಟುತ್ತದೆ, ಕೆಳಗಿನ ಗದ್ದೆಯಲ್ಲಿ ಏನು ಮಾಡಿದರೂ ಮೇಲಿನವರಿಗೆ ತಟ್ಟುವುದಿಲ್ಲ. ಕೊನೆಯ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ತಿರುಗಿ ಜಲಾಶಯಕ್ಕೆ ಹತ್ತುವುದಿಲ್ಲವಲ್ಲ, ಹಾಗೆಯೇ ಒಂದು ನೋಡ್‌ನಿಂದ ಹೊರಟ ತಂತಿಯನ್ನು ಸುತ್ತಿಸಿ ಅದೇ ನೋಡ್‌ಗೆ ಮೇಲಿನಿಂದ ಕೊಡಲು ತಂತ್ರಾಂಶ ಒಪ್ಪುವುದಿಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ನಾಲೆ ಕವಲೊಡೆದರೆ ನೀರು ಹಂಚಿಹೋಗುತ್ತದೆ. ಚಿತ್ರ ಕವಲೊಡೆದರೆ ಪ್ರತಿ ಕವಲಿಗೂ ಪೂರ್ತಿ ಚಿತ್ರವೇ ಹೋಗುತ್ತದೆ. ಲೇಯರ್ ಪದ್ಧತಿಗೂ ಇದಕ್ಕೂ ನಿಜವಾದ ಅಂತರ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಲೇಯರ್‌ಗಳು ಅಟ್ಟಿಯಲ್ಲಿ ಜೋಡಿಸಿದ ಚೀಲಗಳಂತೆ, ಕೆಳಗಿನಿಂದ ಮೇಲಕ್ಕೆ ಒಂದೇ ದಾರಿ. ಅದೇ ಶಾಟ್ ಅನ್ನು ಒಂದು ಕಡೆ ಮ್ಯಾಟ್ ತೆಗೆಯಲು, ಇನ್ನೊಂದು ಕಡೆ ಬಣ್ಣ ತಿದ್ದಲು, ಮತ್ತೊಂದು ಕಡೆ ನೆರಳು ಮಾಡಲು ಬಳಸಬೇಕಾದರೆ ಲೇಯರ್ ನಕಲು ಮಾಡಬೇಕು, ಪ್ರಿಕಾಂಪ್ ಮಾಡಿ (ಕೆಲವು ಲೇಯರ್‌ಗಳನ್ನು ಒಂದು ಗಂಟಾಗಿ ಕಟ್ಟಿ) ಒಳಗೆ ಹುದುಗಿಸಬೇಕು. ಮೂಲದಲ್ಲಿ ಒಂದು ತಿದ್ದುಪಡಿ ಬಂದರೆ ಎಲ್ಲ ನಕಲುಗಳಿಗೂ ಕೈಯಾಡಿಸಬೇಕು. ನೋಡ್‌ನಲ್ಲಿ ಒಂದೇ ರೀಡ್‌ನಿಂದ ಮೂರು ತಂತಿ ಎಳೆದರೆ ಮುಗಿಯಿತು.

ಇನ್ನೊಂದು ಕಿವಿಮಾತು. ತಂತಿಗಳು ಒಂದರ ಮೇಲೊಂದು ಹಾಯದಂತೆ ಮೊದಲ ದಿನದಿಂದಲೇ ಶಿಸ್ತು ಇಟ್ಟುಕೊಳ್ಳಿ. ಹಿನ್ನೆಲೆಯ ತಂತಿಯನ್ನು, ಅಂದರೆ ಮರ್ಜ್‌ಗಳ ಬಿ ಬಾಯಿಗೆ ಹೋಗುವುದನ್ನು, ಮುಖ್ಯ ನಾಲೆಯಂತೆ ನೆಟ್ಟಗೆ ಕೆಳಕ್ಕೆ ಬಿಡಿ. ಉಳಿದವೆಲ್ಲ ಪಕ್ಕದಿಂದ ಬಂದು ಸೇರಲಿ. ಡಾಟ್ ಹಾಕಿ ತಂತಿಯನ್ನು ಮೂಲೆಯಲ್ಲಿ ಬಗ್ಗಿಸಿ, ನೋಡ್‌ಗಳ ಹಿಂದೆ ಬ್ಯಾಕ್‌ಡ್ರಾಪ್ ಎಂಬ ಚೌಕ ಹಾಕಿ ‘ಸೆರಗು’, ‘ಆಕಾಶ’ ಎಂದು ಹೆಸರು ಬರೆಯಿರಿ. ಒಂದು ಶಾಟ್‌ನಲ್ಲಿ ಅರವತ್ತು ನೋಡ್ ಆದಾಗ, ಮೂರು ತಿಂಗಳ ನಂತರ ತೆರೆದು ನೋಡಿದಾಗ, ಇದರ ಬೆಲೆ ಗೊತ್ತಾಗುತ್ತದೆ.


ಹೊಳಲ್ಕೆರೆ_ಕ್ಯಾಮೆರಾ ಬರೆದದ್ದು:

ನಾನು ಛಾಯಾಗ್ರಹಣದ ಕಡೆಯವನು, ಆದ್ದರಿಂದ ಸ್ವಲ್ಪ ಭಿನ್ನವಾದ ಮಾತು ಹೇಳುತ್ತೇನೆ. ಶೀರ್ಷಿಕೆ, ಲೋಗೋ, ಮದುವೆಯ ಆಲ್ಬಂ ಚಲನೆ ಇಂಥ ಕೆಲಸಕ್ಕೆ ಲೇಯರ್ ಪದ್ಧತಿಯೇ ವೇಗವಾಗಿದೆ. ಕಾಲದ ಸಾಲಿನಲ್ಲಿ ಯಾವುದು ಎಲ್ಲಿ ಶುರುವಾಗುತ್ತದೆ ಎಂಬುದು ಅಲ್ಲಿ ಕಣ್ಣೆದುರಿಗೇ ಇರುತ್ತದೆ. ಎಲ್ಲವನ್ನೂ ನೋಡ್‌ಗೆ ಬದಲಾಯಿಸಿಕೊಳ್ಳಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಶಾಟ್‌ನೊಳಗೆ ಆಳವಾಗಿ ಇಳಿಯಬೇಕಾದಾಗ ಮಾತ್ರ ನೋಡ್ ತನ್ನ ಶಕ್ತಿ ತೋರಿಸುತ್ತದೆ.

ಎರಡನೆಯದಾಗಿ, ಅಂಚಿನ ಅರ್ಧ ಕೆಲಸ ಗೋದಾಮಿನಲ್ಲಿಯೇ ಆಗಬೇಕು. ಪರದೆಗೆ ಹಸಿರನ್ನು ಆರಿಸುವುದಕ್ಕೆ ಒಂದು ಕಾರಣ, ನಮ್ಮ ಕ್ಯಾಮೆರಾ ಸೆನ್ಸರ್‌ನಲ್ಲಿ ನಾಲ್ಕು ಬಿಂದುಗಳ ಪ್ರತಿ ಚೌಕದಲ್ಲಿ ಎರಡು ಹಸಿರಿಗೆ ಮೀಸಲಾಗಿರುತ್ತವೆ, ಕೆಂಪಿಗೆ ಒಂದು, ನೀಲಿಗೆ ಒಂದು. ಹೀಗಾಗಿ ಹಸಿರಿನಲ್ಲಿ ವಿವರ ಹೆಚ್ಚು, ನಾಯ್ಸ್ (ಕಾಳು ಕಾಳಾಗಿ ಕಾಣುವ ಕಲೆ) ಕಡಿಮೆ. ಆದರೆ ಮದುವೆಗೆ ಬಳಸುವ ಬಹುತೇಕ ಕ್ಯಾಮೆರಾಗಳು ಕಾರ್ಡಿಗೆ ಬರೆಯುವಾಗ 4:2:0 ಎಂಬ ಕ್ರಮದಲ್ಲಿ ಬಣ್ಣವನ್ನು ಹಿಂಡಿಬಿಡುತ್ತವೆ. ಬೆಳಕಿನ ಪ್ರಮಾಣ ಪ್ರತಿ ಪಿಕ್ಸೆಲ್‌ಗೂ ಉಳಿಯುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದು. ಕೀಲೈಟ್‌ನಂಥ ಕೀಯರ್ ಹುಡುಕುವುದು ಬಣ್ಣದ ವ್ಯತ್ಯಾಸವನ್ನೇ ಆದ್ದರಿಂದ ಕೂದಲ ಎಳೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ನಿಮ್ಮ ಕ್ಯಾಮೆರಾದಲ್ಲಿ ಬಣ್ಣವನ್ನು ಇದಕ್ಕಿಂತ ಕಡಿಮೆ ಹಿಂಡುವ 4:2:2, 10 ಬಿಟ್ ಆಯ್ಕೆ ಇದ್ದರೆ ಮುಂದಿನ ಸಲ ಅದನ್ನೇ ಬಳಸಿ. ಕ್ಯಾಮೆರಾದೊಳಗಿನ ಶಾರ್ಪ್‌ನೆಸ್ ಅನ್ನು ಪೂರ್ತಿ ಇಳಿಸಿ. ಅದು ಅಂಚುಗಳ ಸುತ್ತ ತನ್ನದೇ ಒಂದು ಗೆರೆ ಎಳೆಯುತ್ತದೆ, ಆ ಗೆರೆಯನ್ನು ಯಾವ ನೋಡ್‌ನಿಂದಲೂ ಸಲೀಸಾಗಿ ತೆಗೆಯಲಾಗದು. ಬಟ್ಟೆಗೆ ಬೇರೆ ದೀಪ, ನಟಿಗೆ ಬೇರೆ ದೀಪ ಇಡಿ, ನಡುವೆ ಎಂಟು ಹತ್ತು ಅಡಿಯಾದರೂ ಅಂತರವಿರಲಿ.


ಗಾಜಿನಮನೆ_ದಾವಣಗೆರೆ ಬರೆದದ್ದು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು ಕುಳಿತು ಮಾಡಿದೆ. ಪ್ರಿಮಲ್ಟ್ ಮೇಲೆ ಡಿ ಒತ್ತಿದ ಕ್ಷಣವೇ ಗೆರೆ ಮಾಯವಾಯಿತು. ಮತ್ತೆ ಒತ್ತಿದೆ, ಗೆರೆ ಬಂತು. ಹೀಗೆ ಹತ್ತಾರು ಸಲ ಮಾಡಿ ನೋಡಿದೆ, ಅಂಚಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಕೂಡಿ ಕಳೆದೆ. ಹನ್ನೊಂದು ವರ್ಷ ದಿನವೂ ಬಳಸಿದ ಆಲ್ಫಾ ಎಂಬ ಮಾತಿನ ಅರ್ಥ ನಿನ್ನೆ ತಿಳಿಯಿತು. ಅನ್‌ಪ್ರಿಮಲ್ಟ್, ಗ್ರೇಡ್, ಪ್ರಿಮಲ್ಟ್ ಕ್ರಮದಲ್ಲಿ ಇಟ್ಟ ಮೇಲೆ ಬಂಡೆಗಳ ಮೇಲಿನ ಮಂಜೂ ಹೋಗಿದೆ.

ಉಳಿದಿರುವುದು ಇಷ್ಟು. ಗೋದಾಮಿನಲ್ಲಿ ಜಾಗ ಸಾಲದೆ ಅತ್ತಿಗೆಯವರನ್ನು ಬಟ್ಟೆಗೆ ನಾಲ್ಕೇ ಅಡಿ ದೂರದಲ್ಲಿ ನಿಲ್ಲಿಸಿದ್ದೆವು. ಹೀಗಾಗಿ ಬಿಳಿ ಸೀರೆಯ ಹೆಗಲಿನ ಮೇಲೂ ತೋಳಿನ ಮೇಲೂ ತಿಳಿ ಹಸಿರು ಛಾಯೆ ಹರಡಿದೆ. ಕೀಲೈಟ್ ಅನ್ನು ಹೆಚ್ಚು ಬಿಗಿ ಮಾಡಿದರೆ ಹಸಿರು ಕಡಿಮೆಯಾಗುತ್ತದೆ, ಆದರೆ ಹಾರುವ ಕೂದಲೂ ಸೆರಗಿನ ತೆಳುವಾದ ಭಾಗವೂ ತಿಂದುಹೋಗುತ್ತವೆ. ಸಡಿಲ ಮಾಡಿದರೆ ಕೂದಲು ಉಳಿಯುತ್ತದೆ, ಎದೆಯ ಭಾಗದಲ್ಲಿ ತೂತು ಬಿದ್ದಂತೆ ಹಿನ್ನೆಲೆ ಇಣುಕುತ್ತದೆ. ಮರುಚಿತ್ರೀಕರಣ ಸಾಧ್ಯವಿಲ್ಲ, ಅತ್ತಿಗೆ ಊರಿಗೆ ಹೋಗಿದ್ದಾರೆ. ಇದಕ್ಕೆ ದಾರಿಯಿದೆಯೇ?


ಚಂದ್ರವಳ್ಳಿ_ಹುಡುಗ ಬರೆದದ್ದು:

ಖಂಡಿತ ಇದೆ ಸರ್, ಮತ್ತು ಮಲೇಬೆನ್ನೂರಿನವರು ಹೇಳಿದ ಕವಲಿನ ಮಾತು ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಒಂದೇ ಕೀಯರ್‌ನಿಂದ ಮ್ಯಾಟ್ ಅನ್ನೂ ಬಣ್ಣವನ್ನೂ ಒಟ್ಟಿಗೆ ಕೇಳುತ್ತಿರುವುದರಿಂದ ನಿಮಗೆ ಎಳೆದಾಟವಾಗುತ್ತಿದೆ. ಎರಡನ್ನೂ ಬೇರೆ ಮಾಡಿ.

ನಟಿಯ ರೀಡ್‌ನಿಂದ ಮೂರು ತಂತಿ ಎಳೆಯಿರಿ. ಮೊದಲನೆಯದರಲ್ಲಿ ಒಂದು ಕೀಲೈಟ್ ಇಟ್ಟು ತೀರಾ ಬಿಗಿ ಮಾಡಿ. ಕೂದಲು ಪೂರ್ತಿ ಹೋದರೂ ಚಿಂತೆಯಿಲ್ಲ, ದೇಹದ ಒಳಭಾಗ ಗಟ್ಟಿ ಬಿಳಿಯಾಗಿ ಬಂದರೆ ಸಾಕು. ಅದನ್ನು ಕೆಲವು ಪಿಕ್ಸೆಲ್‌ಗಳಷ್ಟು ಒಳಕ್ಕೆ ಸರಿಸಿ. ಇದಕ್ಕೆ ಕೋರ್ ಮ್ಯಾಟ್ ಎನ್ನುತ್ತೇವೆ. ಎರಡನೆಯದರಲ್ಲಿ ಇನ್ನೊಂದು ಕೀಲೈಟ್ ಇಟ್ಟು ಆದಷ್ಟು ಸಡಿಲವಾಗಿ ಬಿಡಿ. ಒಳಗೆ ತೂತು ಬಿದ್ದರೂ ಸರಿ, ಸೆರಗಿನ ತೆಳುಭಾಗವೂ ಒಂದೊಂದು ಕೂದಲೂ ಉಳಿಯಬೇಕು. ಈ ಎರಡು ಮ್ಯಾಟ್‌ಗಳನ್ನು ಮರ್ಜ್‌ನಲ್ಲಿ ‘ಮ್ಯಾಕ್ಸ್’ ಆಯ್ದು ಸೇರಿಸಿದರೆ ಪ್ರತಿ ಪಿಕ್ಸೆಲ್‌ನಲ್ಲಿ ಎರಡರಲ್ಲಿ ದೊಡ್ಡ ಅಂಕಿ ಉಳಿಯುತ್ತದೆ. ತೂತುಗಳನ್ನು ಮೊದಲನೆಯದು ತುಂಬುತ್ತದೆ, ಅಂಚನ್ನು ಎರಡನೆಯದು ಕಾಯುತ್ತದೆ. ಬಟ್ಟೆಯ ಆಚೆಗೆ ಕಾಣುವ ಗೋದಾಮಿನ ಗೋಡೆ, ಫ್ಯಾನು, ದೀಪದ ಸ್ಟ್ಯಾಂಡ್‌ಗಳನ್ನು ರೋಟೊ ನೋಡ್‌ನಿಂದ ಸ್ಥೂಲವಾಗಿ ಗೆರೆ ಎಳೆದು ಹೊರಗಿಡಿ.

ಮೂರನೆಯ ತಂತಿ ಬಣ್ಣದ್ದು. ಇಲ್ಲಿ ಕೀಯರ್ ಬೇಡ. ಹಸಿರು ಛಾಯೆ ತೆಗೆಯುವ ತತ್ತ್ವ ಬಹಳ ಸರಳ: ಯಾವ ಪಿಕ್ಸೆಲ್‌ನಲ್ಲಿ ಹಸಿರಿನ ಅಂಕಿ, ಕೆಂಪು ಮತ್ತು ನೀಲಿಗಳ ಸರಾಸರಿಗಿಂತ ಹೆಚ್ಚಿದೆಯೋ ಅಲ್ಲಿ ಅದನ್ನು ಆ ಸರಾಸರಿಗೆ ಇಳಿಸಬೇಕು, ಉಳಿದ ಕಡೆ ಮುಟ್ಟಬಾರದು. ಎಕ್ಸ್‌ಪ್ರೆಶನ್ ನೋಡ್‌ನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು. ನಿಮ್ಮ ಸೀರೆಯ ಹೆಗಲಲ್ಲಿ ಕೆಂಪು 0.70, ಹಸಿರು 0.82, ನೀಲಿ 0.68 ಇದೆ ಎಂದುಕೊಳ್ಳಿ. ಸರಾಸರಿ 0.69. ಹಸಿರು 0.69ಕ್ಕೆ ಇಳಿದರೆ ಬಟ್ಟೆ ಮತ್ತೆ ಬಿಳಿಯಾಗುತ್ತದೆ. ಆದರೆ ಕಣ್ಣಿಗೆ ಬೆಳಕಿನ ಅನುಭವ ಕೊಡುವುದರಲ್ಲಿ ಹಸಿರಿನ ಪಾಲೇ ದೊಡ್ಡದಾದ್ದರಿಂದ ಹೆಗಲು ಸ್ವಲ್ಪ ಮಂಕಾಗಿಯೂ ಕಾಣುತ್ತದೆ. ಅದಕ್ಕೊಂದು ಉಪಾಯವಿದೆ: ಮೂಲ ಚಿತ್ರದಿಂದ ತಿದ್ದಿದ ಚಿತ್ರವನ್ನು ಕಳೆದರೆ ಎಷ್ಟು ಹಸಿರು ತೆಗೆದೆವೋ ಅಷ್ಟೇ ಉಳಿಯುತ್ತದೆ. ಅದರ ಬಣ್ಣವನ್ನು ಪೂರ್ತಿ ಇಳಿಸಿ, ನಿಮ್ಮ ಹಿನ್ನೆಲೆಯ ಸಂಜೆ ಆಕಾಶದ ಛಾಯೆ ಕೊಟ್ಟು ಮತ್ತೆ ಕೂಡಿ. ಪರದೆಯಿಂದ ಸೀರೆಯ ಮೇಲೆ ಬಿದ್ದಿದ್ದ ಬೆಳಕು ಈಗ ದುರ್ಗದ ಆಕಾಶದಿಂದ ಬಿದ್ದ ಬೆಳಕಾಗುತ್ತದೆ. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಹೆಜ್ಜೆ ಇದು.

ಈಗ ಕಾಪಿ ನೋಡ್‌ನಿಂದ ಮೊದಲೆರಡು ತಂತಿಗಳ ಆಲ್ಫಾವನ್ನು ಮೂರನೆಯ ತಂತಿಯ ಬಣ್ಣಕ್ಕೆ ಜೋಡಿಸಿ. ಬಣ್ಣವನ್ನು ಇನ್ನೂ ಗುಣಿಸಿಲ್ಲದ ಕಾರಣ ಗ್ರೇಡ್ ಇಲ್ಲಿಯೇ ಬರಲಿ, ಅನ್‌ಪ್ರಿಮಲ್ಟ್ ಬೇಕಾಗುವುದಿಲ್ಲ. ಅದರ ಕೆಳಗೆ ಒಂದೇ ಒಂದು ಪ್ರಿಮಲ್ಟ್, ಆಮೇಲೆ ಮರ್ಜ್. ತರಬೇತಿಯಲ್ಲಿ ‘ಕೀ ಆದ ಮೇಲೆ ಪ್ರಿಮಲ್ಟ್’ ಎಂದು ಬರೆಸಿದ್ದು ಬಹುಶಃ ಈ ಕಟ್ಟೋಣವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ಕೀಲೈಟ್‌ನ ಫಲಿತಾಂಶವನ್ನು ನೇರವಾಗಿ ಬಳಸಿದಾಗ ಅದು ಹೊಂದುವುದಿಲ್ಲ.

ಇನ್ನೆರಡು ಸಂಗತಿಗಳನ್ನು ಹೇಳದೆ ಬಿಡಲಾರೆ. ಒಂದು, ರೀಡ್ ನೋಡ್‌ನಲ್ಲಿ ಕಲರ್‌ಸ್ಪೇಸ್ ಎಂಬ ಆಯ್ಕೆ ಸರಿಯಾಗಿದೆಯೇ ನೋಡಿ. ಕ್ಯಾಮೆರಾ ಬರೆಯುವ ಅಂಕಿಗಳು ನಿಜವಾದ ಬೆಳಕಿನ ಪ್ರಮಾಣವಲ್ಲ, ಪರದೆಗೆ ಹೊಂದುವಂತೆ ಬಗ್ಗಿಸಿದವು. 0ಯಿಂದ 255ರ ಅಳತೆಯಲ್ಲಿ 128 ಎಂದರೆ ಅರ್ಧ ಬೆಳಕು ಎಂದು ತೋರುತ್ತದೆ, ಆದರೆ ಪರದೆಗಳು ಬಳಸುವ ಎಸ್‌ಆರ್‌ಜಿಬಿ ಎಂಬ ಲೆಕ್ಕದಲ್ಲಿ ಅದು ಪೂರ್ಣ ಬೆಳಕಿನ ಶೇ 21ರಿಂದ 22ರಷ್ಟು ಮಾತ್ರ. ನಿಜವಾದ ಅರ್ಧ ಬೆಳಕು 188ರ ಹತ್ತಿರ ಬರುತ್ತದೆ. ಬಗ್ಗಿಸಿದ ಅಂಕಿಗಳನ್ನೇ ಬೆರೆಸಿದರೆ ಅಂಚುಗಳೂ ಬ್ಲರ್‌ಗಳೂ ಮಂಕಾಗುತ್ತವೆ. ನ್ಯೂಕ್ ರೀಡ್‌ನಲ್ಲಿಯೇ ಅಂಕಿಗಳನ್ನು ನೇರ ಬೆಳಕಿಗೆ ತಿರುಗಿಸಿಕೊಂಡು ಒಳಗೆಲ್ಲ ಅದರಲ್ಲೇ ಲೆಕ್ಕ ಮಾಡುತ್ತದೆ. ನಡುವಿನ ಫಲಿತಾಂಶವನ್ನು ಉಳಿಸಿಕೊಳ್ಳಬೇಕಾದರೆ ಇಎಕ್ಸ್‌ಆರ್ ಕಡತವಾಗಿ ಬರೆಯಿರಿ. 1ಕ್ಕಿಂತ ಹೆಚ್ಚಿನ ಬೆಳಕೂ ಅದರಲ್ಲಿ ಕತ್ತರಿಸಿಹೋಗದೆ ಉಳಿಯುತ್ತದೆ.

ಇನ್ನೊಂದು, ನಟಿಯನ್ನು ಸಣ್ಣದು ಮಾಡಿ ಪಕ್ಕಕ್ಕೆ ಸರಿಸಲು ಎರಡು ಮೂರು ಟ್ರಾನ್ಸ್‌ಫಾರ್ಮ್ ಬೇಕಾದರೆ ಅವನ್ನು ಒಂದರ ಕೆಳಗೊಂದು ಒಟ್ಟಿಗೇ ಇಡಿ. ಹಾಗಿಟ್ಟರೆ ನ್ಯೂಕ್ ಎಲ್ಲವನ್ನೂ ಒಂದೇ ಲೆಕ್ಕವಾಗಿ ಕೂಡಿಸಿ ಚಿತ್ರವನ್ನು ಒಮ್ಮೆ ಮಾತ್ರ ಮರುರಚಿಸುತ್ತದೆ. ನಡುವೆ ಒಂದು ಗ್ರೇಡ್ ತೂರಿಸಿದರೆ ಆ ಜೋಡಣೆ ಕಡಿದು, ಎರಡೆರಡು ಸಲ ಮರುರಚನೆಯಾಗಿ ಕೂದಲು ಮೆತ್ತಗಾಗುತ್ತದೆ.

ಎಲ್ಲ ಮುಗಿದ ಮೇಲೆ ವ್ಯೂವರ್‌ನ ಗಾಮಾವನ್ನು ತೀರಾ ಮೇಲಕ್ಕೂ ಒಮ್ಮೆ, ತೀರಾ ಕೆಳಕ್ಕೂ ಒಮ್ಮೆ ಎಳೆದು ನೋಡಿ. ಮೇಲಕ್ಕೆ ಎಳೆದಾಗ ಅತ್ತಿಗೆಯವರ ಜಡೆಯ ಕಪ್ಪು ಮತ್ತು ಬತೇರಿಯ ಬಂಡೆ ಸಂದಿಯ ಕಪ್ಪು ಒಂದೇ ಸಮನಾಗಿ ತೆರೆದುಕೊಳ್ಳಬೇಕು. ಜಡೆ ಮಾತ್ರ ಕಪ್ಪಾಗಿಯೇ ಉಳಿದರೆ ಗ್ರೇಡ್‌ನ ಲಿಫ್ಟ್ ಇನ್ನೂ ಕೊಂಚ ಎತ್ತಬೇಕು. ಈ ಸಲ ಮಂಜು ಕವಿಯುವುದಿಲ್ಲ. ಒಂದು ಫ್ರೇಮನ್ನೂ ನೋಡ್‌ಗಳ ಚಿತ್ರವನ್ನೂ ಇಲ್ಲಿ ಹಾಕಿದರೆ ನಾನು ಶನಿವಾರ ರಾತ್ರಿ ಕುಳಿತು ನೋಡುತ್ತೇನೆ.